ಬಾಲ್ಕನಿಯಲ್ಲೊಂದು ಕೊಚ್ಚಿ

ನಡೆದದ್ದು ಇಷ್ಟೇ. ನಮ್ಮ ಯಜಮಾನರಿಗೆ ಸಿಟ್ಟು ಮಾಡಲು ಬರುತ್ತದೆ, ಸಿಟ್ಟು ಇಳಿಸಲು ಬರುವುದಿಲ್ಲ. ಇಳಿಸಬೇಕಾದರೆ ಅವರಿಗೆ ರೈಲು ಬೇಕು. ಆ ವರ್ಷ ರೈಲು ನಿಂತಿತು, ಸಿಟ್ಟು ನಿಲ್ಲಲಿಲ್ಲ. ಲಾಕ್‌ಡೌನಿನಲ್ಲಿ ಅವರ ತಲೆ ಕೆಟ್ಟುಹೋಗಿತ್ತು ಎಂದು ನಮ್ಮ ಕೆಳಗಿನ ಫ್ಲಾಟಿನವರು ಇಂದಿಗೂ ಹೇಳುತ್ತಾರೆ. ಅದು ಸುಳ್ಳು. ಆ ತಲೆ ನಾನು ಮದುವೆಯಾಗಿ ಬಂದಾಗಲೇ ಹಾಗಿತ್ತು. ಲಾಕ್‌ಡೌನಿನಲ್ಲಿ ಮನೆಮಂದಿಯೆಲ್ಲ ಬಾಗಿಲು ಹಾಕಿಕೊಂಡು ಕೂತು ಅದನ್ನು ನೋಡಬೇಕಾಗಿ ಬಂತು, ಹೊಸದು ಅಷ್ಟೇ.

ಇವರ ಕ್ರಮವನ್ನು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದ್ದನ್ನು ಯಾರೂ ನಂಬುವುದಿಲ್ಲ.

ನಾವು ಕಾಸರಗೋಡಿನವರು. ಇವರು ತಿರುವನಂತಪುರದ ಸರ್ಕಾರಿ ಕಚೇರಿಯಲ್ಲಿ ಕನ್ನಡದ ಕಾಗದಗಳನ್ನು ಮಲಯಾಳಕ್ಕೂ ಮಲಯಾಳದ್ದನ್ನು ಕನ್ನಡಕ್ಕೂ ತಿರುಗಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಜಾಗದ ತಕರಾರಿನಿಂದ ಹಿಡಿದು ಕೋಳಿ ಕದ್ದ ಕೇಸಿನವರೆಗೆ ಏನು ಕೊಟ್ಟರೂ ಸಂಜೆಯೊಳಗೆ ತಿರುಗಿಸಿ ಕೊಡುತ್ತಿದ್ದರಂತೆ. ಆದರೆ "ನನ್ನಿಂದ ತಪ್ಪಾಯಿತು" ಎಂಬ ಒಂದು ಮಾತು ಆ ಎರಡು ಭಾಷೆಗಳಲ್ಲಿ ಒಂದರಲ್ಲೂ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ನಾನು ಓದಿದ್ದು ಐದನೆಯ ಕ್ಲಾಸು. ನನಗೆ ಆ ಮಾತು ಬರುತ್ತದೆ, ಹೇಳುವ ಸಂದರ್ಭ ಮಾತ್ರ ಇದುವರೆಗೆ ಬಂದಿಲ್ಲ.

ನಮಗೆ ಇಬ್ಬರು ಮಕ್ಕಳು. ಮಗಳ ಮನೆ ತಿರುವನಂತಪುರದಲ್ಲೇ, ಉಳ್ಳೂರಿನ ಒಂದು ಫ್ಲಾಟಿನ ಮೂರನೆಯ ಮಹಡಿ. ನಾವಿರುವುದು ಅವಳ ಜೊತೆ. ಅಳಿಯ ಐಟಿ ಪಾರ್ಕಿನವನು. ಮೊಮ್ಮಕ್ಕಳು ಇಬ್ಬರು. ದೊಡ್ಡವಳು ಅನಘ, ಚಿಕ್ಕವಳಿಗೆ ಏನೋ ಉದ್ದದ ಹೆಸರಿದೆ, ಎಲ್ಲರೂ ಕರೆಯುವುದು ಕುಂಞಿ ಎಂದು. ಕನ್ನಡದಲ್ಲಿ ಬೈದರೆ ಇಬ್ಬರಿಗೂ ಪೂರ್ತಿ ಅರ್ಥವಾಗುತ್ತದೆ, ತಿರುಗಿ ಬೈಯುವುದು ಮಲಯಾಳದಲ್ಲಿ. ಮಗ ಇರುವುದು ಫೋರ್ಟ್ ಕೊಚ್ಚಿಯಲ್ಲಿ, ಬಾಡಿಗೆ ಮನೆಯಲ್ಲಿ, ಒಬ್ಬನೇ. ಅಲ್ಲಿನ ಒಂದು ಹೋಟೆಲಿನಲ್ಲಿ ಬಂದ ಪ್ರವಾಸಿಗಳನ್ನು ಕೂರಿಸಿ, ಕೋಣೆ ಕೊಟ್ಟು, ಅವರ ತಕರಾರುಗಳಿಗೆ ನಗುತ್ತಾ ಉತ್ತರ ಹೇಳುವ ಕೆಲಸ. ಇಂಥ ಅಪ್ಪನಿಗೆ ಹುಟ್ಟಿದವನಿಗೆ ಆ ಕೆಲಸ ಕಲಿಯಲು ಬೇರೆ ಶಾಲೆ ಬೇಕಾಗಲಿಲ್ಲ.

ಎರಡು ಊರು, ಎರಡು ಮನೆ, ನಡುವೆ ಒಂದು ರೈಲು. ಇವರ ಸಂಸಾರ ನಡೆದದ್ದು ಈ ಮೂರರ ಮೇಲೆ. ಇಲ್ಲಿ ಸಿಟ್ಟು ಬಂದರೆ ಅಲ್ಲಿಗೆ, ಅಲ್ಲಿ ಸಿಟ್ಟು ಬಂದರೆ ಇಲ್ಲಿಗೆ. ಕಪ್ಪು ರೆಕ್ಸಿನ್ ಬ್ಯಾಗು ಯಾವಾಗಲೂ ಕಟ್ಟಿಯೇ ಇರುತ್ತಿತ್ತು. ಅದರಲ್ಲಿ ಎರಡು ಪಂಚೆ, ಮೈ ಒರೆಸುವ ಒಂದು ಬೈರಾಸು, ಬಿ.ಪಿ. ಮಾತ್ರೆ, ತಮ್ಮದೇ ಸ್ಟೀಲ್ ಲೋಟ. ಕೈಯಲ್ಲಿ ಕೊಡೆ. ಕಾರಣಕ್ಕೇನು ಬರಗಾಲವೇ? ಸಾಂಬಾರಿನ ನುಗ್ಗೆಕಾಯಿ ತುಂಡು ಉದ್ದವಾಯಿತು. ಅಳಿಯ ಪೇಪರಿನ ನಡುವಿನ ಹಾಳೆಯನ್ನು ಮೊದಲು ತೆಗೆದ. ಕುಂಞಿ ಅವರ ಕನ್ನಡಕ ಹಾಕಿಕೊಂಡು ಬೆಕ್ಕಿಗೆ ಪಾಠ ಮಾಡಿದಳು. "ಈ ಮನೆಯಲ್ಲಿ ನನಗೆ ಬೆಲೆ ಇಲ್ಲ" ಎನ್ನುವರು, ಬ್ಯಾಗು ಎತ್ತುವರು, ಹೊರಟೇಬಿಡುವರು. ಸಂಜೆಗೆ ಮಗನ ಫೋನು.

"ಅಮ್ಮಾ, ಬಂದಿದ್ದಾರೆ."

"ಇಟ್ಟುಕೋ."

ನಾಲ್ಕು ದಿನ ಕಳೆದು ಅಲ್ಲಿಯೂ ಬೆಲೆಯಿಲ್ಲವೆಂದು ಗೊತ್ತಾದ ಮೇಲೆ ಅಲ್ಲಿಂದ ಫೋನು. "ಅಮ್ಮಾ, ಹೊರಟರು." ಪಾರ್ಸೆಲ್ ಆಫೀಸಿನವರ ಹಾಗೆ ನಾವು ತಾಯಿಮಕ್ಕಳು ಇಷ್ಟು ವರ್ಷ ಕೆಲಸ ಮಾಡಿದ್ದೇವೆ.

ಆದರೆ ಒಂದು ವಿಷಯ ಒಪ್ಪಬೇಕು. ಬರಿಗೈಯಲ್ಲಿ ತಿರುಗಿ ಬಂದವರಲ್ಲ. ಕೊಚ್ಚಿಗೆ ಹೋಗುವಾಗ ಚಾಲೈ ಬಜಾರಿಗೆ ಹೋಗಿ, ತಮಗೆ ಗೊತ್ತಿರುವ ಅಂಗಡಿಯಲ್ಲಿ, ಎದುರಿಗೇ ಬಾಣಲೆಯಿಂದ ತೆಗೆದ ನೇಂದ್ರ ಬಾಳೆಕಾಯಿ ಚಿಪ್ಸ್ ಕಟ್ಟಿಸಿಕೊಳ್ಳುವರು. ಅಲ್ಲಿಂದ ಇಲ್ಲಿಗೆ ಬರುವಾಗ ಒಣಶುಂಠಿಯೋ ಕಾಳುಮೆಣಸೋ ಏನಾದರೊಂದು. ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ, "ಕಾಫಿ ಉಂಟಾ?" ಎಂದು ಕೇಳುವರು. ಅದೇ ಅವರ ತಪ್ಪೊಪ್ಪಿಗೆ. ನಾವು ಕಾಫಿ ಕೊಟ್ಟರೆ ರಾಜಿಯಾದ ಹಾಗೆ. ಅಲ್ಲಿಗೆ ಮುಗಿಯಿತು, ಹಳೆಯದನ್ನು ಯಾರೂ ಎತ್ತುವಂತಿಲ್ಲ. ಇಡೀ ಮನೆಗೆ ಈ ಕಾನೂನು ಗೊತ್ತು. ಬೆಕ್ಕಿಗೂ ಗೊತ್ತು.

ಲಾಕ್‌ಡೌನಿನ ಮುಂಚೆ ಕೊಚ್ಚಿಯಲ್ಲಿ ಆದದ್ದು ಮಾತ್ರ ನುಗ್ಗೆಕಾಯಿಯಂಥ ಜಗಳವಲ್ಲ. ಹೋಟೆಲಿಗೆ ಪ್ರವಾಸಿಗಳು ಬರುವುದು ಆಗಲೇ ಕಡಿಮೆಯಾಗಿತ್ತು. ಮಗ ದಿನವಿಡೀ ಖಾಲಿ ಕುರ್ಚಿಗಳನ್ನು ನೋಡಿ ಸಾಕಾಗಿ ಮನೆಗೆ ಬಂದರೆ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತ ಅಪ್ಪ. ಅವನ ಬಾಯಿ ಜಾರಿತು.

"ಬರುವುದನ್ನೂ ಹೇಳುವುದಿಲ್ಲ, ಹೋಗುವುದನ್ನೂ ಹೇಳುವುದಿಲ್ಲ. ಇದೆಂತ ಅಪ್ಪ, ಲಾಡ್ಜಾ?"

ಇವರು ಸುಮ್ಮನಿರುವ ಜಾತಿಯೇ?

"ಲಾಡ್ಜಿನಲ್ಲಿ ಚಾಕರಿ ಮಾಡುವವನ ಮನೆ ಮತ್ತೆಂತ ಅರಮನೆಯಾ?"

ಅದೇ ಬ್ಯಾಗು, ಅದೇ ಕೊಡೆ, ಮುಂದಿನ ರೈಲು. ನಮ್ಮೆದುರು ಒಂದು ಮಾತೂ ಆಡಲಿಲ್ಲ. ಮಗ ಫೋನಿನಲ್ಲಿ ಹೇಳಿದ್ದರಿಂದ ನನಗೆ ತಿಳಿಯಿತು. ಆದರೆ ಮರುದಿನ ಇವರು ಚಾಲೈಗೆ ಹೋಗಿ ದೊಡ್ಡದೊಂದು ಪೊಟ್ಟಣ ಚಿಪ್ಸ್ ಕಟ್ಟಿಸಿಕೊಂಡು ಬಂದರು. ಯಾವತ್ತಿನದ್ದಕ್ಕಿಂತ ಎರಡರಷ್ಟು ದೊಡ್ಡದು. ತಪ್ಪು ಎಷ್ಟು ದೊಡ್ಡದೆಂದು ಅವರಿಗೂ ಗೊತ್ತಿತ್ತು ಎಂದು ನಾನು ತೂಕದಿಂದಲೇ ತಿಳಿದೆ.

ಅಷ್ಟರಲ್ಲಿ ಎಲ್ಲ ಮುಚ್ಚಿತು. ರೈಲು ನಿಂತಿತು. ಮಗನ ಹೋಟೆಲಿನವರು ಕೆಲಸದವರನ್ನೆಲ್ಲ ಮನೆಗೆ ಕಳಿಸಿ, ಹೇಳುವವರೆಗೆ ಬರಬೇಡಿ ಎಂದರು. ಚಿಪ್ಸ್ ಪೊಟ್ಟಣ ಕಪಾಟಿನ ಮೇಲೆ ಕೂತಿತು. ಅದನ್ನು ಮುಟ್ಟುವಂತಿಲ್ಲ. ಅಂಗಡಿಯಿಲ್ಲ, ಬೇಕರಿಯಿಲ್ಲ, ಮಕ್ಕಳು ಅದರ ಕೆಳಗೆ ನಿಂತು ನಾಯಿಮರಿಗಳ ಹಾಗೆ ಮೇಲೆ ನೋಡುತ್ತಿದ್ದವು.

"ಅಪ್ಪಾ, ಅವನಿಗೊಂದು ಫೋನ್ ಮಾಡಿ ಮಾತಾಡಿಬಿಡಿ. ಮುಗೀತದೆ," ಎಂದಳು ಮಗಳು.

"ಫೋನಿನಲ್ಲಿ ಚಿಪ್ಸ್ ಕೊಡ್ಲಿಕ್ಕೆ ಆಗ್ತದಾ?" ಎಂದರು ಇವರು.

ಸರ್ಕಾರಿ ನೌಕರ. ಹಿಂದೆ ಮಾಡಿದ ಕ್ರಮದಲ್ಲಲ್ಲದೆ ಬೇರೆ ಕ್ರಮದಲ್ಲಿ ಕಾಗದ ಮುಂದೆ ಹೋಗುವುದಿಲ್ಲ.

ಕೊಚ್ಚಿಯ ಸಿಟ್ಟು ಇಳಿಯದೆ ಹೊಟ್ಟೆಯಲ್ಲಿರುವಾಗ ಇಲ್ಲಿ ಹೊಸ ಸಿಟ್ಟು ಶುರುವಾಯಿತು. ಆ ದಿನಗಳಲ್ಲಿ ಮಗಳು ಮನೆಯೊಳಗೆ ಬಂದದ್ದನ್ನೆಲ್ಲ ಸೋಪಿನ ನೀರಿಗೆ ಹಾಕುತ್ತಿದ್ದಳು. ಬದನೆಕಾಯಿಗೆ ಸೋಪು, ಹಾಲಿನ ಪ್ಯಾಕೆಟ್ಟಿಗೆ ಸೋಪು, ಒಂದು ದಿನ ತೆಂಗಿನಕಾಯಿಯನ್ನು ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಉಜ್ಜುತ್ತಿದ್ದಳು. ಇವರು ಗೇಟಿನವರೆಗೆ ಹೋಗಿ ಹಾಲು ತಂದ ತಪ್ಪಿಗೆ ಇವರ ಕೊಡೆಯನ್ನೂ ಬಕೆಟ್ಟಿನಲ್ಲಿ ಮುಳುಗಿಸಿಟ್ಟಳು. ಮರದ ಹಿಡಿಯ ಹಳೆಯ ಕೊಡೆ. ಪಾಲಿಶು ಬಿಟ್ಟು ನೀರೆಲ್ಲ ಚಹಾದ ಬಣ್ಣ.

"ಈ ಮನೆಯಲ್ಲಿ ನನಗೆ ಬೆಲೆ ಇಲ್ಲ," ಎಂದರು.

ಬ್ಯಾಗು ಎತ್ತಿದರು. ನೀರು ಸುರಿಯುವ ಕೊಡೆ ಹಿಡಿದರು. ಮಾಸ್ಕು ಹಾಕಿಕೊಂಡು ಇಳಿದೇಬಿಟ್ಟರು. ನಾನು ತಡೆಯಲಿಲ್ಲ. ಎಲ್ಲಿಗೆ ಹೋಗುತ್ತಾರೆ? ಗೇಟಿನಲ್ಲಿ ಸೆಕ್ಯೂರಿಟಿಯವನು ಕೇಳಿದನಂತೆ, ಸಾರ್ ಎಲ್ಲಿಗೆ ಎಂದು. ಕೊಚ್ಚಿಗೆ ಎಂದರಂತೆ. ಅವನು ಒಮ್ಮೆ ಇವರನ್ನು, ಒಮ್ಮೆ ಖಾಲಿ ರಸ್ತೆಯನ್ನು ನೋಡಿ, ಸಾರ್ ಮೇಲೆ ಹೋಗಿ ಒಂದು ಚಾಯ ಕುಡಿಯಿರಿ ಎಂದನಂತೆ.

ಮೆಟ್ಟಿಲು ಹತ್ತಿ ತಿರುಗಿ ಬಂದರು. ಆದರೆ ಒಳಗೆ ಬರುವುದು ಹೇಗೆ? ಸಿಟ್ಟು ಮಾಡಿ ಹೊರಟ ಮನುಷ್ಯ ಕೊಚ್ಚಿ ಮುಟ್ಟದೆ ತಿರುಗಿ ಬರುವ ಪದ್ಧತಿಯೇ ಇಲ್ಲ. ಹೊಸ್ತಿಲ ಹೊರಗೆ ಬ್ಯಾಗು ಹಿಡಿದು ನಿಂತರು. ಅಳಿಯ "ಬನ್ನಿ ಮಾವ" ಎಂದ. ಕೇಳಿಸದವರ ಹಾಗೆ ಗೋಡೆ ನೋಡಿದರು. ಆಗ ಕುಂಞಿ ಓಡಿಬಂದು ಅವರ ಕೈ ಹಿಡಿದು, ಎದುರಿನ ಕೋಣೆ ದಾಟಿಸಿ, ಊಟದ ಮೇಜು ದಾಟಿಸಿ, ಬಚ್ಚಲಿನ ಪಕ್ಕದಿಂದ ಸೀದಾ ಬಾಲ್ಕನಿಗೆ ಕರೆದುಕೊಂಡು ಹೋದಳು. ಬಾಗಿಲು ತೆರೆದು ಹೇಳಿದಳು:

"ಅಜ್ಜಾ, ಇದಾಣ್ ಕೊಚ್ಚಿ."

ಇದೇ ಕೊಚ್ಚಿ ಎಂದಳು ಮಲಯಾಳದಲ್ಲಿ. ಇವರು ಸುತ್ತ ನೋಡಿದರು. ಒಂದು ವಾಷಿಂಗ್ ಮೆಷಿನ್, ಬಟ್ಟೆ ಒಣಗಿಸುವ ಹಗ್ಗ, ಕುಂಡದಲ್ಲಿ ಒಂದು ಕರಿಬೇವಿನ ಗಿಡ, ಪ್ಲಾಸ್ಟಿಕ್ ಸ್ಟೂಲು. ಸ್ವಲ್ಪ ಯೋಚಿಸಿದರು. ಬ್ಯಾಗು ಕೆಳಗಿಟ್ಟರು. ಚಪ್ಪಲಿ ಬಿಚ್ಚಿ ಸ್ಟೂಲಿನ ಮೇಲೆ ಕೂತರು. ಊಟವನ್ನು ಅಲ್ಲಿಗೇ ಕಳಿಸಬೇಕಾಯಿತು.

ಸಂಜೆ ಬ್ಯಾಗು ಸಮೇತ ಒಳಗೆ ಬಂದರು. ಮೇಜಿನ ಮೇಲೆ ಒಂದು ಎಸಳು ಕರಿಬೇವು ಇಟ್ಟು, ಯಾರ ಮುಖವನ್ನೂ ನೋಡದೆ ಕೇಳಿದರು:

"ಕಾಫಿ ಉಂಟಾ?"

ಮಗಳು ಬಾಯಿಗೆ ಸೆರಗು ಒತ್ತಿಕೊಂಡು ಅಡಿಗೆಮನೆಗೆ ಓಡಿದಳು. ನಾನು ಕಾಫಿ ಮಾಡಿಕೊಟ್ಟೆ. ಕರಿಬೇವು ಸಾರಿನ ಒಗ್ಗರಣೆಗೆ ಆಯಿತು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ರೈಲ್ವೆ ಇಲಾಖೆ ಸ್ಥಾಪನೆಯಾಯಿತು. ಶಾಲೆಯಿಲ್ಲದೆ ಸೊಕ್ಕಿದ್ದ ಮಕ್ಕಳಿಗೆ ಒಂದು ಉದ್ಯೋಗ ಬೇಕಿತ್ತು. ಅನಘ ಸ್ಟೇಷನ್ ಮಾಸ್ಟರ್, ಟಿಕೆಟ್ ನೋಡುವವಳು, ಅನೌನ್ಸ್‌ಮೆಂಟ್ ಮಾಡುವವಳು, ಎಲ್ಲವೂ ಅವಳೇ. ಕುಂಞಿ ಎಂಜಿನ್. ಬಿಸ್ಕತ್ತಿನ ಖಾಲಿ ಪ್ಯಾಕೆಟ್ಟು ಕತ್ತರಿಸಿದ್ದು ಟಿಕೆಟ್. ನಡುವಿನ ಸ್ಟೇಷನ್ನುಗಳನ್ನೂ ಅನಘಳೇ ಗೊತ್ತು ಮಾಡಿದಳು. ಅಳಿಯ ಲ್ಯಾಪ್‌ಟಾಪ್ ಇಟ್ಟು ಆಫೀಸು ಮಾಡುವ ಊಟದ ಮೇಜು ಕೊಲ್ಲಂ. ಬಚ್ಚಲಿನ ಮುಂದೆ ಯಾವಾಗ ನೋಡಿದರೂ ನೀರು ನಿಂತಿರುತ್ತದಲ್ಲ, ಅದು ಹಿನ್ನೀರಿನ ಊರು ಆಲಪ್ಪುಳ. ಅಲ್ಲಿ ಮಾತ್ರ ರೈಲು ಪಂಚೆ ಎತ್ತಿಕೊಂಡು ಹೋಗುತ್ತಿತ್ತು.

ಇವರು ಇದನ್ನು ಆಟವೆಂದು ತಿಳಿದಿದ್ದರೆಂದು ಭಾವಿಸಬೇಡಿ. ಆ ಮನುಷ್ಯನಿಗೆ ಆಟ ಗೊತ್ತಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿ, ಬ್ಯಾಗು ಹಿಡಿದು, ಕೊಲ್ಲಂನಲ್ಲಿ ರೈಲು ತಡವಾದರೆ ನಿಜವಾಗಿ ಬೈಯುತ್ತಿದ್ದರು. ತಡವಾಗುತ್ತಿದ್ದದ್ದು ಅಳಿಯನ ಕುರ್ಚಿ ಹಳಿಗೆ ಅಡ್ಡವಾಗಿದ್ದುದರಿಂದ. ಒಂದು ದಿನ ಅವನು ಕಂಪ್ಯೂಟರಿನಲ್ಲಿ ತನ್ನ ಮೇಲಿನವರ ಜೊತೆ ದೊಡ್ಡ ಮೀಟಿಂಗಿನಲ್ಲಿದ್ದ. ಹಿಂದಿನಿಂದ ಮೊದಲು ಕುಂಞಿ ಕೂಗುತ್ತಾ ಹೋದಳು. ಅವಳ ಹಿಂದೆ ಬ್ಯಾಗು, ಕೊಡೆ, ಮಾಸ್ಕಿನ ಇವರು ಹೋದರು. ಕೊಚ್ಚಿಯಲ್ಲಿ ಆ ದಿನ ಬಿಸಿಲು ಜಾಸ್ತಿಯೆಂದು ಸ್ವಲ್ಪ ಹೊತ್ತಿನಲ್ಲೇ ತಿರುಗಿಯೂ ಬಂದರು. ಮೀಟಿಂಗಿನ ದೊಡ್ಡವರು ಮಾತು ನಿಲ್ಲಿಸಿ, ಅದು ಯಾರು ಎಂದು ಕೇಳಿದರಂತೆ.

"ನನ್ನ ಮಾವ ಸರ್. ಕೊಚ್ಚಿಗೆ ಹೋಗಿಬಂದರು," ಎಂದನಂತೆ ನಮ್ಮ ಅಳಿಯ. ಸುಳ್ಳು ಹೇಳಲು ಬಾರದ ಹುಡುಗ.

ಆಮೇಲೆ ಅವರು ಮೆಲ್ಲಗೆ ಕೇಳಿದರಂತೆ: "ಪೊಲೀಸ್ ಪಾಸ್ ಹೇಗೆ ಸಿಕ್ಕಿತು?"

ನಾನು ಈ ಇಲಾಖೆಯನ್ನು ಒಪ್ಪಲಿಲ್ಲ. ನನಗೆ ಅದು ಬಾಲ್ಕನಿ. ದಿನಕ್ಕೆರಡು ಸಲ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಹೋಗಬೇಕಾದ ಜಾಗ. ಅನಘ ಕೈ ಅಡ್ಡ ಹಿಡಿದು "ಅಜ್ಜಿ, ಟಿಕೆಟ್ ಎವಿಡೆ?" ಎಂದಳು, ಟಿಕೆಟ್ ಎಲ್ಲಿ ಎಂದು.

"ಬಟ್ಟೆ ಒಣಗಿಸ್ಲಿಕ್ಕೆ ಎಂತದ್ದು ಟಿಕೆಟ್? ಆಚೆ ಸರಿ."

ಟಿಕೆಟಿಲ್ಲದ ಪ್ರಯಾಣಕ್ಕೆ ಶಿಕ್ಷೆ, ಕೋಣೆಯಲ್ಲಿ ಕ್ವಾರಂಟೈನ್. ಬೇರೆ ಜಿಲ್ಲೆಯಿಂದ ಬಂದವರು ಯಾರೊಡನೆಯೂ ಬೆರೆಯದೆ ಒಂದು ಕೋಣೆಯಲ್ಲಿರಬೇಕು ಎಂದು ಟಿವಿಯಲ್ಲಿ ದಿನವೂ ಹೇಳುತ್ತಿದ್ದರಲ್ಲ, ಮಕ್ಕಳು ಅದನ್ನು ಹಿಡಿದುಕೊಂಡಿದ್ದರು. ನನ್ನನ್ನು ಒಳಗೆ ಹಾಕಿ ಚಿಲಕ ಹಾಕಿದರು. ಮದುವೆಯಾದ ಮೇಲೆ ಮೊದಲ ಸಲ ಹಾಡುಹಗಲಲ್ಲಿ ಬಾಗಿಲು ಮುಚ್ಚಿಕೊಂಡು, ಯಾರೂ ಕರೆಯದೆ, ಫ್ಯಾನಿನ ಕೆಳಗೆ ಮಲಗಿದೆ. ಪಾತ್ರೆ ಯಾರೋ ತೊಳೆದರು. ಮರುದಿನ ಎರಡು ಬಕೆಟ್ಟು ಹಿಡಿದು ಟಿಕೆಟಿಲ್ಲದೆ ಹೋದೆ.

ಇವರಿಗೆ ಮಾತ್ರ ಕ್ವಾರಂಟೈನ್ ಕಷ್ಟವಾಯಿತು. ಕೊಚ್ಚಿಯಿಂದ ಬಂದ ದಿನವೇ ಮಗಳು ಹಲಸಿನ ಹಣ್ಣಿನ ಕಡುಬು ಮಾಡಿದ್ದಳು. ಬಾಗಿಲ ಸಂದಿಯಿಂದ ಕುಂಞಿ ಕೊಡೆಯ ತುದಿಯಲ್ಲಿ ತಟ್ಟೆಯನ್ನು ತಳ್ಳಿದಳು. ತಟ್ಟೆಯಲ್ಲಿ ಒಂದೇ ಕಡುಬು.

"ಇನ್ನೊಂದು ಬೇಕಿತ್ತು," ಎಂದರು ಇವರು ಒಳಗಿನಿಂದ.

"ಕೈ ತೊಳೆದ್ರಾ?" ಎಂದು ಅನಘ ಹೊರಗಿನಿಂದ. ಅಧಿಕಾರ ಬಂದರೆ ಆ ಹುಡುಗಿಗೆ ಕನ್ನಡವೂ ಬರುತ್ತದೆ.

"ಏ, ಕೇಳ್ತಾ ಉಂಟಾ? ನೀನಾದರೂ ಹೇಳು ಇವಳಿಗೆ," ಎಂದು ನನ್ನನ್ನು ಕರೆದರು.

"ನಿಮ್ಮದೇ ಸರ್ಕಾರ, ನಿಮ್ಮದೇ ಕಾನೂನು. ನಾನು ಐದನೆಯ ಕ್ಲಾಸು," ಎಂದೆ. ಅವರ ಪಾಲಿನದ್ದನ್ನು ನಾನೇ ತಿಂದೆ.

ಹೀಗೆ ನಡೆಯುತ್ತಿರುವಾಗ ನನಗೊಂದು ಅನುಮಾನ ಬಂತು. ಇವರಿಗೆ ಸಿಟ್ಟು ಬಂದು ಕೊಚ್ಚಿಗೆ ಹೋಗುತ್ತಿದ್ದದ್ದು ಹೋಗಿ, ಕೊಚ್ಚಿಗೆ ಹೋಗಬೇಕೆಂದು ಸಿಟ್ಟು ಮಾಡುತ್ತಿದ್ದರು. ಕಾರಣಗಳು ತೀರಾ ಸೊರಗಿದವು. ಒಂದು ದಿನ ಊಟದ ನಡುವೆ ಸಾರಿನ ತುತ್ತನ್ನು ಬಾಯಲ್ಲಿಟ್ಟು ಯೋಚಿಸಿ, "ಉಪ್ಪು ಸರಿಯಾಗಿ ಉಂಟು" ಎಂದು ಸಿಟ್ಟು ಮಾಡಿದರು. ಬ್ಯಾಗು ಎತ್ತಿದರು. ಮಗಳು ತಲೆ ಚಚ್ಚಿಕೊಂಡಳು. ನಾನು ಬಕೆಟ್ಟಿನ ನೆಪ ಮಾಡಿ ಹಿಂದೆ ಹೋದೆ. ಆ ಮನುಷ್ಯ ಕೊಚ್ಚಿಯಲ್ಲಿ ಸ್ಟೂಲಿನ ಮೇಲೆ ಕೂತು, ವಾಷಿಂಗ್ ಮೆಷಿನ್ನಿನ ಕಡೆ ತಿರುಗಿ, ಫೋನು ತೆಗೆದು ಮಗನ ಹೆಸರನ್ನು ನೋಡುತ್ತಿದ್ದರು. ಬೆರಳು ಅದರ ಮೇಲೆ ಇಟ್ಟರು. ತೆಗೆದರು. ಅಂಗಿಯ ಅಂಚಿನಿಂದ ಫೋನಿನ ಗಾಜು ಒರೆಸಿದರು. ಪುನಃ ಕಿಸೆಗೆ ಹಾಕಿದರು. ನಾನು ಎರಡು ಲಂಗ ಒಣಗಿಸಿ ಸುಮ್ಮನೆ ಬಂದೆ.

ಮಗ ದಿನವೂ ನನಗೆ ಫೋನು ಮಾಡುತ್ತಿದ್ದ. ಅವನಿಗೂ ಕೇಳಬೇಕಾದದ್ದು ಒಂದೇ, ಅದನ್ನು ಕೊನೆಗೆ ಕೇಳುತ್ತಿದ್ದ.

"ಅಪ್ಪ ಎಂತ ಮಾಡ್ತಾರೆ?"

"ಕೊಚ್ಚಿಗೆ ಹೋಗಿದ್ದಾರೆ."

ಮೊದಲ ಸಲ ಅವನಿಗೆ ಎಲ್ಲ ವಿವರಿಸಿ ಹೇಳಿದಾಗ ನಕ್ಕ. ಎಷ್ಟೋ ದಿನದ ಮೇಲೆ ಅವನು ನಕ್ಕದ್ದು. ನಕ್ಕು ಮುಗಿದ ಮೇಲೆ ಕೇಳಿದ:

"ಅಲ್ಲಿ ನನ್ನ ಮನೆ ಯಾವ ಕಡೆ ಅಮ್ಮ?"

"ವಾಷಿಂಗ್ ಮೆಷಿನ್ನಿನ ಹತ್ತಿರ ಇರ್ಬೇಕು. ಆ ಕಡೆಗೇ ತಿರುಗಿ ಕೂರ್ತಾರೆ."

ಫೋನು ಕಟ್ಟಾಯಿತೋ ಎಂದು ನಾನು ಎರಡು ಸಲ ಹಲೋ ಎಂದೆ.

ಇನ್ನೊಂದು ದಿನ ಬೆಳಿಗ್ಗೆ ಅವನ ಸ್ವರವೇ ಬೇರೆಯಾಗಿತ್ತು. ಹೋಟೆಲಿನವರು ಫೋನು ಮಾಡಿದ್ದರಂತೆ. ತೆರೆದರೂ ಎಲ್ಲರನ್ನೂ ತಿರುಗಿ ಕರೆಯುವುದಿಲ್ಲವೆಂದು, ಅವನು ಬೇರೆ ಕಡೆ ನೋಡಿಕೊಳ್ಳುವುದು ಒಳ್ಳೆಯದೆಂದು. ಹೇಳಿ ಮುಗಿಸಿ, ನಗುವವನ ಹಾಗೆ ಅಂದ: "ಅಪ್ಪನಿಗೆ ಹೇಳು. ಈಗ ಲಾಡ್ಜಿನ ಚಾಕರಿಯೂ ಇಲ್ಲ."

ನಾನು ಯಾರ ಮಾತಿಗೂ ಸಕ್ಕರೆ ಬೆರೆಸಿ ಮುಟ್ಟಿಸುವವಳಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಎಲ್ಲರ ಎದುರು ಅದೇ ಮಾತನ್ನು ಹಾಗೆಯೇ ಹೇಳಿದೆ. ಮಗಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ತುಳಿದರೆ ನಿಲ್ಲುವವಳೇ ನಾನು? ಪೂರ್ತಿ ಹೇಳಿದೆ.

ಇವರು ಅನ್ನ ಕಲಸುತ್ತಿದ್ದ ಕೈಯನ್ನು ನಿಲ್ಲಿಸಿದರು. ಬೆಲೆಯ ಮಾತು ಬರಲಿಲ್ಲ. ಉಪ್ಪಿನ ಮಾತು ಬರಲಿಲ್ಲ. ಎದ್ದು ಕೈ ತೊಳೆದುಕೊಂಡು, ಕೋಣೆಗೆ ಹೋಗಿ, ಸ್ಟೂಲಿಲ್ಲದೆ ತುದಿಗಾಲಲ್ಲಿ ನಿಂತು ಕಪಾಟಿನ ಮೇಲಿನ ಚಿಪ್ಸ್ ಪೊಟ್ಟಣವನ್ನು ಇಳಿಸಿದರು. ಬೈರಾಸಿನಿಂದ ಧೂಳು ಒರೆಸಿದರು. ಅಂಗಿ ಬದಲಿಸಲು ಹೊರಟರು.

ಆ ಅಂಗಿಯ ಗುಂಡಿ ಹಾಕಿ ಮುಗಿಯುವಷ್ಟರಲ್ಲಿ ನನಗೆ ಕೆಲಸವಿತ್ತು. ಅನಘಳನ್ನು ಬಾಲ್ಕನಿಗೆ ಎಳೆದುಕೊಂಡು ಹೋಗಿ, "ನಿನ್ನ ಮಾಮನಿಗೆ ಮುಖ ಕಾಣುವ ಫೋನ್ ಹಚ್ಚು" ಎಂದೆ. ಹಚ್ಚಿದಳು. ಅವನು ಬಂದ. ಗಡ್ಡ ಬಿಟ್ಟಿದ್ದ, ನೋಡಲು ಚೆನ್ನಾಗಿರಲಿಲ್ಲ.

"ನಿನ್ನ ಅಪ್ಪ ಕೊಚ್ಚಿಗೆ ಬರ್ತಾ ಇದ್ದಾರೆ. ಮನೆಯಲ್ಲಿ ಇರು," ಎಂದೆ.

ಫೋನು ಹಿಡಿದು ನಿಲ್ಲಲು ಯಾರಿಗೆ ಪುರುಸೊತ್ತು? ಬಟ್ಟೆಯ ಕ್ಲಿಪ್ಪು ಹಾಕಿ ಹಗ್ಗಕ್ಕೆ ನೇತುಹಾಕಿದೆ, ಅಳಿಯನ ಬನಿಯನ್ನಿಗೂ ಕುಂಞಿಯ ಫ್ರಾಕಿಗೂ ನಡುವೆ, ಸ್ಟೂಲಿನ ಮೇಲೆ ಕೂತವರ ಮುಖಕ್ಕೆ ಸರಿಯಾಗಿ.

ಒಳಗೆ ಇವರು ಸ್ಟೇಷನ್ನಿನಲ್ಲಿ ನಿಂತಿದ್ದರು.

"ಎಲ್ಲಿಗೆ ಅಜ್ಜಾ?" ಎಂದಳು ಅನಘ ಓಡಿಹೋಗಿ.

"ಕೊಚ್ಚಿಗೆ."

ಅವಳು ಟಿಕೆಟ್ ಕೊಟ್ಟಳು. ಕುಂಞಿ ಆ ದಿನ ಕೂಗಲಿಲ್ಲ. ಮೆಲ್ಲಗೆ ಮುಂದೆ ನಡೆದಳು, ಅವಳ ಹಿಂದೆ ಇವರು. ಕೊಲ್ಲಂನಲ್ಲಿ ಅಳಿಯ ತಾನೇ ಎದ್ದು ಕುರ್ಚಿ ಸರಿಸಿದ. ಆಲಪ್ಪುಳದ ನೀರನ್ನು ಮಗಳು ಆಗಲೇ ಒರೆಸಿದ್ದಳು. ಬಾಲ್ಕನಿಯ ಬಾಗಿಲು ತೆರೆದರೆ ಎದುರಿಗೆ ಹಗ್ಗದಲ್ಲಿ ಮಗ.

ಇವರು ನಿಂತಲ್ಲೇ ನಿಂತರು. ಒಂದು ಹೆಜ್ಜೆ ಹಿಂದೆ ಹೋದರು ಕೂಡ. ಹಿಂದೆ ನಾನಿದ್ದೆ.

"ಬಂದ್ರಾ ಅಪ್ಪಾ?" ಎಂದ ಮಗ.

"ಹ್ಞೂಂ." ಸ್ವಲ್ಪ ತಡೆದು, "ರೈಲು ತಡ ಆಯ್ತು."

"ಕೂತುಕೊಳ್ಳಿ."

ಕೂತರು. ಬ್ಯಾಗು ಕಾಲಬುಡದಲ್ಲಿಟ್ಟರು. ಇನ್ನು ಮೇಜಿನ ಮೇಲೆ ಪೊಟ್ಟಣ ಇಡಬೇಕು, ಮೇಜೆಲ್ಲಿದೆ? ಪೊಟ್ಟಣವನ್ನು ಎತ್ತಿ ಫೋನಿಗೆ ತೋರಿಸಿದರು, ನಂತರ ಅದನ್ನು ವಾಷಿಂಗ್ ಮೆಷಿನ್ನಿನ ಮೇಲಿಟ್ಟರು. ಬಾಯಿ ತೆರೆದರು. ಕೇಳಬೇಕಾದ ಮಾತು ನಮಗೆಲ್ಲ ಗೊತ್ತು. ಅದನ್ನು ಕೇಳದೆ ಪೊಟ್ಟಣದ ದಾರವನ್ನು ಸರಿಮಾಡಿದರು.

"ಅಪ್ಪಾ," ಎಂದ ಮಗ. "ಕಾಫಿ ಉಂಟು. ಕುಡೀತೀರಾ?"

ಅವನ ಕೈಯಲ್ಲಿ ಲೋಟವಿತ್ತು. ಇವರು ಆ ಲೋಟವನ್ನು ನೋಡಿದರು. ನಾನು ಒಳಗೆ ಹೋಗಿ ಕಾಫಿ ಮಾಡಿ, ಅವರ ಸ್ಟೀ‌ಲ್ ಲೋಟದಲ್ಲಿ ಸುರಿದು ತಂದುಕೊಟ್ಟೆ. ಟಿಕೆಟಿಲ್ಲದೆ ಹೋದೆ, ಟಿಕೆಟಿಲ್ಲದೆ ಬಂದೆ. ಯಾರೂ ಕೇಳಲಿಲ್ಲ.

ಒಂದು ಗುಟುಕು ಕುಡಿದು, "ಸಕ್ಕರೆ ಕಡಿಮೆ" ಎಂದರು.

"ಅದು ಅಮ್ಮ ಮಾಡಿದ್ದು. ನನ್ನನ್ನು ಬೈಬೇಡಿ."

ಇವರು ನಕ್ಕರೋ ಕೆಮ್ಮಿದರೋ, ಹಿಂದಿನಿಂದ ನನಗೆ ತಿಳಿಯಲಿಲ್ಲ. ಪೊಟ್ಟಣದ ದಾರ ಬಿಚ್ಚಿ ಒಂದು ಚಿಪ್ಸ್ ಬಾಯಿಗೆ ಹಾಕಿಕೊಂಡರು. ಅಷ್ಟು ದಿನ ಕಪಾಟಿನ ಮೇಲೆ ಸೆಖೆಯಲ್ಲಿ ಕೂತದ್ದು. ಬಿಚ್ಚಿದಾಗಲೇ ಅದರ ಕಮಟು ವಾಸನೆ ಬಾಗಿಲವರೆಗೆ ಬಂತು. ಕುಂಞಿ ಮೂಗು ಮುಚ್ಚಿಕೊಂಡಳು.

"ಹೇಗುಂಟು ಅಪ್ಪ?"

"ಲಾಯ್ಕ ಉಂಟು," ಎಂದು ಇನ್ನೊಂದು ಹಾಕಿಕೊಂಡರು. ನುಂಗಲಿಕ್ಕೆ ಕಾಫಿ ಬೇಕಾಯಿತು. "ನಿನ್ನ ಕೆಲಸದ್ದು ಅಮ್ಮ ಹೇಳಿದಳು."

"ಹ್ಞೂಂ."

"ನಾನು ಆ ದಿನ..." ಎಂದು ಶುರುಮಾಡಿದರು. ಎರಡು ಭಾಷೆ ಬಲ್ಲ ಮನುಷ್ಯ ಅಲ್ಲಿಗೆ ನಿಂತರು. ಗಾಳಿಗೆ ಮಗ ಹಗ್ಗದಲ್ಲಿ ಸ್ವಲ್ಪ ಆಚೆ ತಿರುಗಿದ. ಇವರು ಕೈ ಚಾಚಿ, ಗಡ್ಡದ ಮುಖವನ್ನು ಎರಡು ಬೆರಳಿನಲ್ಲಿ ಹಿಡಿದು, ತಮ್ಮ ಕಡೆಗೆ ತಿರುಗಿಸಿಕೊಂಡರು. ಬಿಡಲಿಲ್ಲ, ಹಿಡಿದೇ ಕೂತರು.

"ಎಷ್ಟು ದಿನ ಇರ್ತೀರಿ ಅಪ್ಪಾ?"

"ನಾಳೆ ಹೊರಡ್ಬೇಕು."

"ಇರಿ ಎರಡು ದಿನ," ಎಂದ ಮಗ. "ನನಗೂ ಈಗ ರಜೆ ಅಲ್ವಾ?"

ನಾನು ಮಕ್ಕಳನ್ನು ಒಳಗೆ ಎಳೆದು ಬಾಗಿಲು ಹಾಕಿದೆ. ನನ್ನ ಒಣಗಿದ ಬಟ್ಟೆಯೆಲ್ಲ ಆಚೆಯೇ ಉಳಿಯಿತು.

ಮರುದಿನ ಬೆಳಿಗ್ಗೆ ಎದ್ದವಳು ಮೊದಲು ಆ ಕಮಟು ಚಿಪ್ಸನ್ನು ಕಸದ ಬುಟ್ಟಿಗೆ ಸುರಿದೆ. ಪಲ್ಯಕ್ಕೆಂದು ಇಟ್ಟಿದ್ದ ನೇಂದ್ರ ಬಾಳೆಕಾಯಿಯ ಸಿಪ್ಪೆ ತೆಗೆದು, ತೆಳ್ಳಗೆ ಕೊಯ್ದು, ತೆಂಗಿನೆಣ್ಣೆಯಲ್ಲಿ ಹಾಕಿ, ಬೇಯುತ್ತಾ ಬಂದಾಗ ಉಪ್ಪು ಅರಸಿನದ ನೀರು ಚಿಮುಕಿಸಿ ಹುರಿದೆ. ಚಾಲೈ ಅಂಗಡಿಯ ಹಾಗಾಯಿತೆಂದು ಹೇಳುವುದಿಲ್ಲ. ತಣಿದ ಮೇಲೆ ಅದೇ ಕವರಿಗೆ ತುಂಬಿ, ಅದೇ ದಾರದಲ್ಲಿ ಕಟ್ಟಿ, ಕಪಾಟಿನ ಮೇಲೆ ಅದೇ ಜಾಗದಲ್ಲಿಟ್ಟೆ.

ಕುಂಞಿ ಕೆಳಗೆ ನಿಂತು ಮೇಲೆ ನೋಡಿ, "ನಮುಕ್ಕಾ?" ಎಂದಳು, ನಮಗಾ ಎಂದು.

"ಅಲ್ಲ," ಎಂದೆ. "ಕೊಚ್ಚಿಗೆ. ರೈಲು ಬಿಡಲಿ." ಬಾಣಲೆಯ ತಳದಲ್ಲಿ ಕರಟಿ ಉಳಿದದ್ದನ್ನು ಅವಳ ಕೈಗೆ ಹಾಕಿದೆ.